ಇಂತಿ ತಮ್ಮ ವಿಧೇಯ

1972ರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದವನಿಗೆ ನಾಲ್ಕು ರೂಪಾಯಿ ಕೊಟ್ಟು ತಂದ ಪುಸ್ತಕವೊಂದು ಈಗಲೂ ನನ್ನ ಬಳಿ ಇದೆ. ಬೆನ್ನು ಕಿತ್ತುಹೋಗಿದ್ದರಿಂದ ಒಂದು ಬಟ್ಟೆಯ ಪಟ್ಟಿ ಅಂಟಿಸಿದ್ದೇನೆ. ಡೀಟ್ರಿಚ್ ಬಾನ್‌ಹೋಫರ್ ಎಂಬ ಜರ್ಮನ್ ಪಾದ್ರಿ 1937ರಲ್ಲಿ ಪ್ರಕಟಿಸಿದ ಕೃತಿಯ ಇಂಗ್ಲಿಷ್ ಅನುವಾದ ಅದು, 'ದಿ ಕಾಸ್ಟ್ ಆಫ್ ಡಿಸೈಪಲ್‌ಶಿಪ್'. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಬಿ.ಎಡ್. ಮುಗಿಸಿ ಊರಿನ ಹೈಸ್ಕೂಲಿನಲ್ಲಿ ಕನ್ನಡ ಪಂಡಿತನಾಗಿ ಸೇರಿಕೊಂಡಿದ್ದೆ. ಪುಸ್ತಕಗಳನ್ನು ಪೆನ್ಸಿಲ್ ಹಿಡಿದೇ ಓದಬೇಕೆಂಬ ಹಮ್ಮು ಬೇರೆ ಇತ್ತು.

ಆ ಗೆರೆಗಳನ್ನು ಈಗ ನೋಡಿದರೆ ನಾಚಿಕೆಯಾಗುತ್ತದೆ. ಲೇಖಕ ಎಲ್ಲೆಲ್ಲಿ ಯಾರನ್ನಾದರೂ ಬೈಯುತ್ತಾನೋ ಅಲ್ಲೆಲ್ಲ ದಪ್ಪ ಗೆರೆ ಇದೆ. ಒಂದು ಪುಟದ ಅಂಚಿನಲ್ಲಿ 'ನಮ್ಮ ಅಯ್ಯನವರಿಗೆ ಓದಿಸಬೇಕು' ಎಂದು ಬರೆದಿದ್ದೇನೆ. ಇನ್ನೊಂದರಲ್ಲಿ, ಓದುಗರು ಕ್ಷಮಿಸಬೇಕು, ನನ್ನ ಸೋದರಮಾವನ ಹೆಸರಿದೆ. ಪರ್ವತ ಪ್ರಸಂಗವನ್ನು ವಿವರಿಸುವ ನಡುವಿನ ಭಾಗದಲ್ಲಿ 'ಸಹೋದರ' ಎಂಬ ಒಂದು ಅಧ್ಯಾಯವಿದೆ. ಅದರಲ್ಲಿ ಒಂದು ಗೆರೆಯೂ ಇಲ್ಲ. 2009ರಲ್ಲಿ, ನಿವೃತ್ತನಾಗಿ ಮೂರು ವರ್ಷವಾದ ಮೇಲೆ, ಇದೇ ಪ್ರತಿಯನ್ನು ಎರಡನೆಯ ಬಾರಿ ಓದಿದಾಗ ನನಗೆ ಮೊದಲು ಕಂಡದ್ದು ಆ ಬಿಳಿ ಅಂಚು.

ಪುಸ್ತಕದ ಹೆಸರಿನಿಂದಲೇ ಶುರುಮಾಡುತ್ತೇನೆ. ಜರ್ಮನ್ ಮೂಲದಲ್ಲಿ ಅದಕ್ಕಿರುವುದು ಒಂದೇ ಪದ: 'ನಾಖ್‌ಫೋಲ್ಗೆ'. ಹಿಂದೆ ಹೋಗುವುದು, ಹಿಂಬಾಲಿಸುವುದು ಎಂದಷ್ಟೇ ಅರ್ಥ. ಇಂಗ್ಲಿಷಿನವರು ಅದಕ್ಕೆ 'ಬೆಲೆ' ಎಂಬ ಮಾತನ್ನು ಸೇರಿಸಿದರು. ಮೊದಲ ಅಧ್ಯಾಯ ಅಗ್ಗದ ಕೃಪೆ ಮತ್ತು ದುಬಾರಿ ಕೃಪೆಯ ಕುರಿತಾದ್ದರಿಂದ ಅದು ತೀರಾ ತಪ್ಪೇನಲ್ಲ. ಆದರೆ ಇದರಿಂದಾಗಿ ಪುಸ್ತಕಕ್ಕೆ ಅಂಗಡಿಯ ವಾಸನೆ ಬಂತು, ಬೆಲೆ ತೆತ್ತವನಿಗೆ ಸರಕು ಸಿಗುತ್ತದೆ ಎಂಬಂತೆ. ನಮ್ಮ ಕನ್ನಡ ಬೈಬಲಿನ 'ಹಿಂಬಾಲಿಸು' ಎಂಬ ಕ್ರಿಯಾಪದ ಮೂಲಕ್ಕೆ ಎಷ್ಟೋ ಹತ್ತಿರ. ಅದು ಕಾಲಿಗೆ ಸಂಬಂಧಿಸಿದ ಮಾತು, ಕಿಸೆಗಲ್ಲ.

ಬಾನ್‌ಹೋಫರನ ವಾದ ಮೇಲುನೋಟಕ್ಕೆ ಸರಳ. ಮನುಷ್ಯ ತನ್ನ ಪುಣ್ಯದಿಂದಲ್ಲ, ದೇವರ ಕೃಪೆಯಿಂದಲೇ ಉಳಿಯುತ್ತಾನೆ ಎಂಬುದು ಮಾರ್ಟಿನ್ ಲೂಥರನ ಹದಿನಾರನೆಯ ಶತಮಾನದ ಕಂಡುಕೊಳ್ಳುವಿಕೆ. ಲೂಥರ್ ಅದನ್ನು ಕಂಡುಕೊಂಡದ್ದು ಹೇಗೆ? 1505ರಲ್ಲಿ ಎಲ್ಲವನ್ನೂ ಬಿಟ್ಟು ಮಠ ಸೇರಿ, ಉಪವಾಸ ಜಾಗರಣೆಗಳಲ್ಲಿ ಸವೆದು, ತನ್ನ ಸಾಧನೆ ಪೂರಾ ಸೋತುಹೋದ ಕಡೆಯಲ್ಲಿ. ಅವನಿಗೆ ಅದು ಬದುಕಿಡೀ ಹಾಕಿದ ಲೆಕ್ಕದ ಕೊನೆಯ ಉತ್ತರ. ನಂತರದವರು ಆ ಉತ್ತರವನ್ನೇ ಲೆಕ್ಕದ ಮೊದಲ ಸಾಲಾಗಿ ಬರೆದುಕೊಂಡರು. ಕೃಪೆ ಹೇಗೂ ಇದೆ, ಆದ್ದರಿಂದ ಏನನ್ನೂ ಬಿಡಬೇಕಾಗಿಲ್ಲ, ಎಲ್ಲಿಗೂ ಏಳಬೇಕಾಗಿಲ್ಲ. ಇಲ್ಲಿ ಅವನು ಗಯಟೆಯ ಫೌಸ್ಟನನ್ನು ನೆನೆಯುತ್ತಾನೆ. ಜೀವಮಾನವಿಡೀ ಓದಿದ ಮುದುಕ, ನಮಗೆ ಏನೂ ತಿಳಿಯಲಾರದು ಎಂದರೆ ಅದಕ್ಕೊಂದು ತೂಕವಿದೆ. ಮೊದಲ ವರ್ಷದ ವಿದ್ಯಾರ್ಥಿ ಅದೇ ಮಾತನ್ನು ತನ್ನ ಸೋಮಾರಿತನಕ್ಕೆ ಆಧಾರವಾಗಿ ಹೇಳಿದರೆ? ಮಾತು ಅದೇ, ಅರ್ಥ ಮಾತ್ರ ಸತ್ತುಹೋಗಿದೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನಿಗೆ ಈ ಉಪಮೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಸೊಗಸಾದದ್ದು. ತಂದೆ ಮಗುವಿಗೆ 'ಹೋಗಿ ಮಲಗು' ಎನ್ನುತ್ತಾನೆ. ಮಗು ದೇವಶಾಸ್ತ್ರ ಕಲಿತದ್ದು. ಅದು ಹೀಗೆ ಯೋಚಿಸುತ್ತದೆ: ಅಪ್ಪ ಮಲಗು ಎಂದದ್ದು ನನಗೆ ದಣಿವಾಗಿದೆ ಎಂದು, ಅವನ ನಿಜವಾದ ಇಚ್ಛೆ ನನ್ನ ದಣಿವು ಹೋಗಲಿ ಎಂಬುದು, ದಣಿವು ಆಡಿದರೂ ಹೋಗುತ್ತದೆ, ಆದ್ದರಿಂದ ಅಪ್ಪ ಹೇಳಿದ್ದರ ಸಾರ ಹೋಗಿ ಆಡು ಎಂದು! ಯೇಸುವಿನ ಆಜ್ಞೆಗಳನ್ನು ನಾವು ಓದುತ್ತಿರುವುದು ಹೀಗೆ ಎನ್ನುತ್ತಾನೆ ಬಾನ್‌ಹೋಫರ್. ಇರುವುದನ್ನೆಲ್ಲ ಮಾರು ಎಂದರೆ, ಮಾರದೆಯೂ ಮನಸ್ಸಿನಲ್ಲಿ ವಿರಕ್ತನಾಗಿರು ಎಂದರ್ಥ. ಎದ್ದು ಬಾ ಎಂದರೆ, ಕುಳಿತಲ್ಲೇ ಭಾವಿಸು ಎಂದರ್ಥ. ಹೀಗೆ ಅರ್ಥ ಹೇಳುವ ಬುದ್ಧಿವಂತಿಕೆಗೆ ಎದುರಾಗಿ ಅವನು ಇಡುವುದು 'ಸರಳ ವಿಧೇಯತೆ'ಯನ್ನು. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಲೇವಿಗೆ ಬಾ ಎಂದರು, ಅವನು ಎದ್ದ. ನಡುವೆ ಏನು ಯೋಚಿಸಿದ ಎಂದು ಸುವಾರ್ತೆ ಹೇಳುವುದಿಲ್ಲ. ಹೇಳದೆ ಇರುವುದೇ ಅದರ ವಿಶೇಷ ಎಂಬುದು ಅವನ ಓದು.

ಇದನ್ನೆಲ್ಲ ಬರೆದದ್ದು ಯಾವ ಕಾಲದಲ್ಲಿ ಎಂಬುದನ್ನು ಮರೆತರೆ ಪುಸ್ತಕಕ್ಕೆ ಅನ್ಯಾಯವಾಗುತ್ತದೆ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ಜರ್ಮನಿಯ ಪ್ರೊಟೆಸ್ಟಂಟ್ ಸಭೆಯ ದೊಡ್ಡ ಭಾಗವೊಂದು ಯಹೂದಿ ಮೂಲದವರು ಪಾದ್ರಿಗಳಾಗಿರಕೂಡದೆಂದು ನಿಯಮ ಮಾಡಿತು. ಅದನ್ನು ಒಪ್ಪದವರು 'ಕನ್ಫೆಸಿಂಗ್ ಚರ್ಚ್' ಎಂದು ಬೇರೆಯಾದರು. ಬಾನ್‌ಹೋಫರ್ 1935ರಿಂದ ಫಿಂಕೆನ್‌ವಾಲ್ಡೆ ಎಂಬಲ್ಲಿ ಇವರಿಗಾಗಿ ಒಂದು ಗುರುಶಾಲೆ ನಡೆಸಿದ. 1937ರಲ್ಲಿ ಗೆಸ್ಟಾಪೊ ಅದಕ್ಕೆ ಬೀಗ ಹಾಕಿತು. ಅದೇ ವರ್ಷದ ಕೊನೆಗೆ ಈ ಪುಸ್ತಕ ಬಂತು. ಅದಕ್ಕೂ ಮೊದಲು, ಲಂಡನಿನಲ್ಲಿದ್ದಾಗ, ಅವನಿಗೆ ಗಾಂಧಿಯವರ ಬಳಿ ಬಂದು ಇರಬೇಕೆಂಬ ಆಸೆಯಿತ್ತು. 1934ರ ನವೆಂಬರಿನಲ್ಲಿ ಗಾಂಧಿ ಬನ್ನಿ ಎಂದು ಕಾಗದವನ್ನೂ ಬರೆದರು. ಗುರುಶಾಲೆಯ ಕರೆ ಬಂದು ಪ್ರಯಾಣ ತಪ್ಪಿತು. ಪರ್ವತ ಪ್ರಸಂಗವನ್ನು ಅಕ್ಷರಶಃ ನಡೆಯಲೆಂದೇ ಹೇಳಿದ ಮಾತು ಎಂದು ಓದಿದ ಇಬ್ಬರು ಭೇಟಿಯಾಗಲಿಲ್ಲ. ಆಗಿದ್ದರೆ ಪುಸ್ತಕ ಹೇಗಿರುತ್ತಿತ್ತು ಎಂದು ಯೋಚಿಸುವುದು ನನ್ನ ಹಳೆಯ ಚಪಲ.

ಕೃಪೆ ಎಂಬ ಪದ ನಮ್ಮ ಭಾಷೆಗೆ ಕ್ರೈಸ್ತರಿಂದ ಬಂದದ್ದಲ್ಲ. ಮಿಷನರಿಗಳು ಬೈಬಲನ್ನು ಕನ್ನಡಿಸಲು ಕುಳಿತಾಗ ಆ ಪದ ಇಲ್ಲಿ ತುಂಬು ಬಾಳು ಬಾಳಿ, ಕರುಣೆ, ಪ್ರಸಾದ, ದಯೆಗಳೊಂದಿಗೆ ಒಡನಾಡಿ, ಸಾಕಷ್ಟು ವಾದಗಳನ್ನೂ ಕಂಡಿತ್ತು. ಮೇಲುಕೋಟೆಗೆ ಹೋಗಿಬಂದವರಿಗೆಲ್ಲ ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ ಗೊತ್ತು. ಕೋತಿಯ ಮರಿ ತಾಯಿಯನ್ನು ತಾನೇ ಅವಚಿಕೊಳ್ಳಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿ ಒಯ್ಯುತ್ತದೆ. ರುಡಾಲ್ಫ್ ಒಟ್ಟೊ ಎಂಬ ಇನ್ನೊಬ್ಬ ಜರ್ಮನ್ ಪಂಡಿತ 1930ರಲ್ಲಿ ಭಾರತದ ಕೃಪಾಧರ್ಮವನ್ನು ಕುರಿತು ಬರೆದ ಪುಸ್ತಕದಲ್ಲಿ ಶ್ರೀವೈಷ್ಣವರ ಈ ಚರ್ಚೆಯನ್ನು ಎತ್ತಿಕೊಂಡು ಲೂಥರನ ಪಕ್ಕದಲ್ಲಿಟ್ಟು ನೋಡಿದ್ದಾನೆ. ಬಾನ್‌ಹೋಫರನನ್ನು ಕೇಳಿದ್ದರೆ ಅವನು ಕೋತಿಯ ಪಕ್ಷವೂ ಅಲ್ಲ, ಬೆಕ್ಕಿನ ಪಕ್ಷವೂ ಅಲ್ಲ ಎನ್ನುತ್ತಿದ್ದನೇನೋ. ತಾಯಿ ಎತ್ತಿ ಒಯ್ದದ್ದು ನಿಜವೇ ಆದರೆ ಮರಿ ಇದ್ದ ಜಾಗದಲ್ಲಿ ಈಗ ಇಲ್ಲ, ಅಲ್ಲವೇ? ಅವನು ನೋಡುವುದು ಆ ಖಾಲಿ ಜಾಗವನ್ನು.

ನಮ್ಮ ಕರಾವಳಿಯ ಪ್ರೊಟೆಸ್ಟಂಟರಿಗೆ ಈ ಖಾಲಿ ಜಾಗದ ನೆನಪು ಇನ್ನೂ ಪೂರ್ತಿ ಅಳಿದಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷದ ಮೇಲೆ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದಾಗ ಊರಿಗೆ ಊರೇ ಗದ್ದಲವೆದ್ದಿತು. ಆದರೆ ಹೆಚ್ಚಿನವರು ಕೌಂಡಿನ್ಯರಂಥವರಲ್ಲ. ಗೇಣಿಯ ಗದ್ದೆ ಮಾಡುತ್ತಿದ್ದವರು, ಶೇಂದಿ ಇಳಿಸುತ್ತಿದ್ದವರು. ದೀಕ್ಷಾಸ್ನಾನವಾದ ಮರುದಿನ ಎಷ್ಟೋ ಜನರಿಗೆ ಗದ್ದೆ ಹೋಯಿತು, ಕುಲಕಸುಬು ಹೋಯಿತು, ಅಣ್ಣತಮ್ಮಂದಿರ ಮನೆಯ ಜಗಲಿ ಹೋಯಿತು. ಇಂಥವರಿಗೆ ಅನ್ನದ ದಾರಿ ಬೇಕಾಗಿಯೇ ಮಿಷನ್ನಿನವರು ನೇಯ್ಗೆಯ ಕಾರ್ಖಾನೆ ತೆರೆದರು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆ ತಲೆಮಾರಿನವರಿಗೆ ಕೃಪೆ ದುಬಾರಿಯೇ ಎಂದು ಯಾವ ಜರ್ಮನ್ ಪಾದ್ರಿಯೂ ಉಪದೇಶಿಸಬೇಕಾಗಿರಲಿಲ್ಲ.

ಮೊಮ್ಮಕ್ಕಳ ಕಾಲಕ್ಕೆ ಕತೆ ಬದಲಾಯಿತು. ಕಾಂಪೌಂಡಿನಲ್ಲಿ ಮನೆ, ಶಾಲೆಯಲ್ಲಿ ಸೀಟು, ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಆರಾಧನೆ. ಕೃಪೆ ಪಿತ್ರಾರ್ಜಿತ ಆಸ್ತಿಯಾಯಿತು. ಅಜ್ಜ ತೆತ್ತ ಬೆಲೆಯ ರಶೀದಿಯನ್ನು ನಾವು ಜೋಪಾನವಾಗಿಟ್ಟುಕೊಂಡೆವು. ಬಾನ್‌ಹೋಫರ್ ಲೂಥರನ ಮಕ್ಕಳ ಬಗ್ಗೆ ಹೇಳಿದ್ದು ನನ್ನ ಮನೆಯ ಮೂರು ತಲೆಮಾರಿಗೆ ಹಾಗೆಯೇ ಒಪ್ಪುತ್ತದೆ.

ಈಗ ವಿಧೇಯತೆಯ ಮಾತು. ಈ ಪದದ ಬಗ್ಗೆ ನನಗೆ ಮೊದಲಿಂದಲೂ ಅನುಮಾನ. ಕನ್ನಡ ಪಾಠದಲ್ಲಿ ಅರ್ಜಿ ಬರೆಯುವುದನ್ನು ಕಲಿಸುವಾಗ ಕೊನೆಗೆ ಬಲಗಡೆ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ಎಂದು ಬರೆಸಬೇಕು, ಬರೆಯದಿದ್ದರೆ ಒಂದು ಅಂಕ ಕಳೆಯಬೇಕು. ಸಾವಿರಾರು ಮಕ್ಕಳಿಂದ ಬರೆಸಿದ್ದೇನೆ. ಮೇಲಿನವರಿಗೆ ಬರೆಯುವವನು ವಿಧೇಯ. ಮೇಲಿನವರು ಉತ್ತರ ಬರೆಯುವಾಗ ವಿಧೇಯರಾಗಬೇಕಿಲ್ಲ, ರುಜು ಹಾಕಿದರೆ ಸಾಕು. ಸಭೆಯಲ್ಲೂ ಇದೇ ವ್ಯಾಕರಣ. ವಿಧೇಯತೆಯ ಮೇಲಿನ ಪ್ರಸಂಗಗಳನ್ನು ಎಣಿಸಿದರೆ ಹೆಂಗಸರಿಗೆ, ಮಕ್ಕಳಿಗೆ, ಕೆಲಸದವರಿಗೆ ಹೇಳಿದ್ದೇ ಹೆಚ್ಚು.

ಬಾನ್‌ಹೋಫರನ ನಾಡಿನಲ್ಲಿ ಈ ರೋಗ ಹೇಗೆ ಉಲ್ಬಣಿಸಿತೆಂಬುದಕ್ಕೆ 1938ರ ಒಂದು ಸಂಗತಿ ಸಾಕು. ಹಿಟ್ಲರನ ಹುಟ್ಟುಹಬ್ಬದ ಕಾಣಿಕೆಯೆಂಬಂತೆ, ಪಾದ್ರಿಗಳೆಲ್ಲ ಅವನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಸಭೆಯ ಆಡಳಿತದವರೇ ಆಜ್ಞೆ ಹೊರಡಿಸಿದರು. ಬಹುಪಾಲು ಪಾದ್ರಿಗಳು ಮಾಡಿದರು. ಕನ್ಫೆಸಿಂಗ್ ಚರ್ಚಿನವರೂ ಕೊಸರಾಡಿ ಕೊನೆಗೆ ಮಾಡಿದರು. ಅದೇ ವರ್ಷ ಪಕ್ಷದ ಬೋರ್ಮನ್ ಒಂದು ಸುತ್ತೋಲೆ ಕಳಿಸಿ, ಇದು ಸಭೆಯ ಒಳಗಿನ ವ್ಯವಹಾರ, ನಾವೇನೂ ಕೇಳಿರಲಿಲ್ಲ ಎಂದುಬಿಟ್ಟ. ಯಾರೂ ಕೇಳದ ವಿಧೇಯತೆ! 1942ರ ಕೊನೆಗೆ, ಸೆರೆಯಾಗುವುದಕ್ಕೆ ಕೆಲವು ತಿಂಗಳ ಮೊದಲು, ಬಾನ್‌ಹೋಫರ್ ಗೆಳೆಯರಿಗಾಗಿ ಬರೆದ ಒಂದು ಪ್ರಬಂಧದಲ್ಲಿ ತನ್ನ ಜನರ ಈ ಗುಣವನ್ನು ನಿಷ್ಠುರವಾಗಿ ನೋಡುತ್ತಾನೆ. ಜರ್ಮನರು ಆಜ್ಞೆ ಪಾಲಿಸುವುದನ್ನು ಧರ್ಮವೆಂದು ಕಲಿತರು. ಆ ಗುಣವನ್ನೇ ಕೆಡುಕಿಗೂ ಬಳಸಿಕೊಳ್ಳಬಹುದು ಎಂದು ಅವರಿಗೆ ಹೊಳೆಯಲಿಲ್ಲ. ಹಾಗಾಗಿ ಎದ್ದುನಿಂತು ಇಲ್ಲ ಎನ್ನುವ ನಾಗರಿಕ ಧೈರ್ಯ ಅವರಲ್ಲಿ ಬೆಳೆಯಲಿಲ್ಲ. ಐದು ವರ್ಷದ ಹಿಂದೆ ಸರಳ ವಿಧೇಯತೆಯನ್ನು ಎತ್ತಿಹಿಡಿದವನೇ ಇದನ್ನು ಬರೆದದ್ದು. ಎರಡನ್ನೂ ಒಟ್ಟಿಗೆ ಓದಬೇಕು. ಒಂದನ್ನೇ ಓದಿದವರು ಅವನನ್ನು ಅರ್ಧ ಓದಿದಂತೆ.

ನಾನೂ ಅರ್ಧ ಓದಿದವನೇ. ಹೇಗೆಂದು ಹೇಳದೆ ಈ ಬರಹ ಮುಂದೆ ಹೋಗುವುದಿಲ್ಲ.

1986ರಲ್ಲಿ ನಾನು ನಮ್ಮ ಸಭೆಯ ಸಮಿತಿಗೆ ಕಾರ್ಯದರ್ಶಿಯಾಗಿದ್ದೆ. ಬೆಳೆಹಬ್ಬದ ದಿನ ಬಾಳೆಗೊನೆ, ಕುಂಬಳಕಾಯಿ, ಕೋಳಿ ಎಂದು ಏಲಂ ಆಗಿ ಬಂದ ಹಣದಲ್ಲಿ 1,140 ರೂಪಾಯಿಯ ಒಂದು ಲಕೋಟೆ ಕಾಣದಾಯಿತು. ವಸ್ತ್ರದ ಕೋಣೆಯ ಬೀಗದ ಕೈ ಇದ್ದದ್ದು ಗಂಟೆ ಹೊಡೆದು, ಗುಡಿಸಿ, ದೀಪ ಉರಿಸುವವರ ಬಳಿ. ನನಗಿಂತ ಹನ್ನೆರಡು ವರ್ಷಕ್ಕೆ ಹಿರಿಯರು. ತುಳುವಿನಲ್ಲಿ ಮೆಲ್ಲಗೆ ಮಾತಾಡುವ ಮನುಷ್ಯ. ಸಮಿತಿ ಅವರನ್ನು ಕರೆಸಿ ವಿಚಾರಿಸಿತು. ಗೊತ್ತಿಲ್ಲ ಎಂದರು. ಎರಡನೆಯ ಸಲ ಕೇಳಿದಾಗಲೂ ಗೊತ್ತಿಲ್ಲ ಎಂದರು. ಮೂರನೆಯ ಸಲಕ್ಕೆ ಏನೂ ಹೇಳಲಿಲ್ಲ. 'ಸಮಾಧಾನಕರ ಉತ್ತರ ನೀಡದ ಕಾರಣ ಕೆಲಸದಿಂದ ಬಿಡಿಸಲಾಗಿದೆ' ಎಂದು ನಡವಳಿ ಪುಸ್ತಕದಲ್ಲಿ ಬರೆದದ್ದು ನಾನು. ವಾರದ ನಂತರ ಅವರಿಂದ ಒಂದು ಅರ್ಜಿ ಬಂತು. ಅಕ್ಷರ ಗುಂಡಗಿತ್ತು. ಏಳನೆಯ ತರಗತಿಯಲ್ಲಿದ್ದ ಮಗಳು ಬರೆದುಕೊಟ್ಟದ್ದು. ನನ್ನ ಶಾಲೆಯ ಹುಡುಗಿ. ತಿದ್ದುವುದಕ್ಕೆ ಏನೂ ಇರಲಿಲ್ಲ. ದಿನಾಂಕ, ವಿಷಯ, ಒಕ್ಕಣೆ ಎಲ್ಲ ಸರಿಯಾಗಿತ್ತು. ಕೊನೆಗೆ ಬಲಗಡೆ 'ಇಂತಿ ತಮ್ಮ ವಿಧೇಯ ಸೇವಕ' ಎಂದಿತ್ತು, ಅದರ ಕೆಳಗೆ ಅಪ್ಪನ ರುಜು. ಅರ್ಜಿಯನ್ನು ಫೈಲಿಗೆ ಹಾಕಿದೆವು. ಅವರು ಸಂಸಾರ ಸಮೇತ ಊರು ಬಿಟ್ಟರು.

ಜನವರಿಯಲ್ಲಿ ಮಧ್ಯಾವಧಿ ಪರೀಕ್ಷೆಯ ಹಳೆ ಉತ್ತರಪತ್ರಿಕೆಗಳನ್ನು ಕಟ್ಟಿಡುವಾಗ ಲಕೋಟೆ ಸಿಕ್ಕಿತು. ಏಲಂ ಪಟ್ಟಿಯನ್ನು ಕೂಡಿಸಲೆಂದು ಮನೆಗೆ ತಂದಿದ್ದೆನಲ್ಲ, ಅದರೊಂದಿಗೆ ಬಂದು ಆ ಕಟ್ಟಿನಲ್ಲಿ ಸೇರಿಕೊಂಡಿತ್ತು. ಒಂದು ರಾತ್ರಿ ನಿದ್ದೆ ಇಲ್ಲ. ಬೆಳಗಾಗುವುದರೊಳಗೆ ದಾರಿ ಹೊಳೆಯಿತು. ಹಣವನ್ನು ಬೇರೆ ಲಕೋಟೆಗೆ ಹಾಕಿ, ತಡವಾದದ್ದಕ್ಕೆ ಬಡ್ಡಿ ಎಂಬಂತೆ ಹತ್ತು ರೂಪಾಯಿ ಸೇರಿಸಿ, 1,150 ರೂಪಾಯಿಯನ್ನು 'ಹೆಸರು ಹೇಳಲಿಚ್ಛಿಸದವರಿಂದ' ಎಂದು ಬರೆದು ಕಾಣಿಕೆ ಚೀಲಕ್ಕೆ ಹಾಕಿದೆ. ಮುಂದಿನ ಭಾನುವಾರ ಸಭಾಪಾಲಕರು ಆ ದಾನಿಯನ್ನು ಹೊಗಳಿ, ಎಡಗೈಗೆ ತಿಳಿಯದಂತೆ ಕೊಡುವವರು ಇನ್ನೂ ನಮ್ಮಲ್ಲಿದ್ದಾರೆ ಎಂದರು. ಅಂದು ಕರ್ತನ ಭೋಜನವೂ ಇತ್ತು. ಸಾಮೂಹಿಕ ಪಾಪನಿವೇದನೆಯಲ್ಲಿ ಎಲ್ಲರೊಂದಿಗೆ ಮೊಣಕಾಲೂರಿ ಹೇಳಿದೆ. ಕಣ್ಣೀರು ಬಂತು, ಸುಳ್ಳು ಕಣ್ಣೀರಲ್ಲ. ಪಾಪಪರಿಹಾರದ ಮಾತು ಕೇಳಿದಾಗ ಎದೆ ನಿಜವಾಗಿಯೂ ಹಗುರವಾಯಿತು. ಅದನ್ನೇ ಕೃಪೆ ಎಂದುಕೊಂಡು ಇಪ್ಪತ್ತೆರಡು ವರ್ಷ ಬದುಕಿದೆ. ಆ ವರ್ಷಗಳಲ್ಲಿ ಅಗ್ಗದ ಕೃಪೆಯ ಬಗ್ಗೆ ಎರಡು ಯುವಜನ ಶಿಬಿರಗಳಲ್ಲಿ ಉಪನ್ಯಾಸವನ್ನೂ ಮಾಡಿದೆ.

ಎದುರಿಗೆ ನಿಂತು ಒಪ್ಪಿಕೊಳ್ಳದೆ ಪಡೆದ ಪಾಪಪರಿಹಾರವನ್ನು ಬಾನ್‌ಹೋಫರ್ ಅಗ್ಗದ ಕೃಪೆಯ ಲಕ್ಷಣಗಳಲ್ಲಿ ಒಂದೆಂದು ಮೊದಲ ಅಧ್ಯಾಯದಲ್ಲೇ ಹೇಳುತ್ತಾನೆ. ಆ ಮಾತಿಗೆ ನನ್ನ 1972ರ ಗೆರೆ ಇದೆ! ಗೆರೆ ಎಳೆದವನಿಗೆ 1987ರಲ್ಲಿ ಅದು ನೆನಪಾಗಲಿಲ್ಲ. 'ಸಹೋದರ' ಅಧ್ಯಾಯದಲ್ಲಿ ಅವನು ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದ ಒಂದು ಚಿತ್ರವನ್ನು ಎತ್ತಿಕೊಳ್ಳುತ್ತಾನೆ. ಕಾಣಿಕೆ ಹಿಡಿದು ಯಜ್ಞವೇದಿಯ ಮುಂದೆ ನಿಂತವನಿಗೆ ತನ್ನ ಸಹೋದರನಿಗೊಂದು ದೂರಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗಬೇಕು. ನನ್ನ ಗಮನ ಸೆಳೆದದ್ದು ಅಲ್ಲಿನ ವ್ಯಾಕರಣ. ನನಗೆ ಅವನ ಮೇಲೆ ದೂರಿದ್ದರೆ ಎಂದಿಲ್ಲ, ಅವನಿಗೆ ನನ್ನ ಮೇಲೆ ಇದ್ದರೆ ಎಂದಿದೆ. ಕ್ಷಮಿಸುವುದನ್ನು ನಾವು ದೊಡ್ಡ ಭಕ್ತಿಯೆಂದು ತಿಳಿಯುತ್ತೇವೆ. ಇಲ್ಲಿ ಹೇಳಿರುವುದು ಕ್ಷಮಿಸುವವನ ಕತೆಯಲ್ಲ. ಕಾಣಿಕೆ, ಆರಾಧನೆ, ಕಣ್ಣೀರು ಎಲ್ಲವೂ ಆ ಕ್ಷಣಕ್ಕೆ ಕಾಯಬೇಕು. ಸಹೋದರನನ್ನು ತಿರಸ್ಕರಿಸಿದವನ ಪೂಜೆ ದೇವರಿಗೆ ಸೇರುವುದಿಲ್ಲ ಎಂಬಲ್ಲಿಗೆ ಬಾನ್‌ಹೋಫರ್ ಇದನ್ನು ಒಯ್ಯುತ್ತಾನೆ. 1937ರ ಜರ್ಮನಿಯಲ್ಲಿ ಆ ಸಹೋದರ ಯಾರೆಂದು ಓದುಗರು ಊಹಿಸಿಕೊಳ್ಳಬಹುದಿತ್ತು.

ಇಷ್ಟಾದರೂ ಪುಸ್ತಕದ ಮೇಲೆ ನನಗೊಂದು ತಕರಾರಿದೆ. ಕರೆಯ ಅಧ್ಯಾಯಕ್ಕೆ ಅವನು ಲೇವಿಯನ್ನು ಆರಿಸಿಕೊಂಡ. ಎದ್ದು ಹೋಗುವುದೇ ಅಲ್ಲಿ ಮುಖ್ಯ. ಸುಂಕದ ಕಟ್ಟೆಯಲ್ಲಿ ಲೇವಿ ಯಾರ ಯಾರ ಗಂಟು ಬಿಚ್ಚಿಸಿದ್ದನೋ ಅವರ ಗತಿಯೇನು? ನಾನಾಗಿದ್ದರೆ ಆ ಜಾಗದಲ್ಲಿ ಜಕ್ಕಾಯನನ್ನು ಇಡುತ್ತಿದ್ದೆ. ಅವನೂ ಸುಂಕದವನೇ. ಆದರೆ ಅವನು ಮರ ಇಳಿದ ಮೇಲೆ ಲೆಕ್ಕದ ಪುಸ್ತಕ ತೆರೆದ, ಮೋಸದಿಂದ ಕಿತ್ತದ್ದನ್ನು ನಾಲ್ಕರಷ್ಟು ಕೊಡುತ್ತೇನೆಂದ. ಬಾನ್‌ಹೋಫರನ ಶಿಷ್ಯ ಬಹುಪಾಲು ಒಂಟಿ. ಕ್ರಿಸ್ತ ಕರೆಯುತ್ತಾನೆ, ಇವನು ಎಲ್ಲರಿಂದ ಬೇರ್ಪಟ್ಟು ಒಬ್ಬನೇ ಆಗಿ ಓಗೊಡುತ್ತಾನೆ. ಸಮುದಾಯ ಆಮೇಲೆ ಬರುತ್ತದೆ, ಅದೂ ಕ್ರಿಸ್ತನ ಮೂಲಕ. ಅನ್ಯಾಯಕ್ಕೊಳಗಾದವನು ಬಾಯಿಬಿಟ್ಟು ಏನು ಹೇಳುತ್ತಾನೆಂದು ಕೇಳಿಸಿಕೊಳ್ಳುವ ವ್ಯವಧಾನ ಆ ಪುಟಗಳಿಗೆ ಕಡಿಮೆ. ಇನ್ನೂ ಒಂದು ಮಾತು. ಎಲ್ಲವನ್ನೂ ಬಿಟ್ಟು ಬಾ ಎಂಬುದು ಬಿಡಲು ಏನಾದರೂ ಇರುವವನಿಗೆ ಹೇಳಬಹುದಾದ ಮಾತು. ಗಂಟೆ ಹೊಡೆಯುವವರಿಗೆ ಏನಿತ್ತು? ಅವರ ಬದುಕೆಲ್ಲ ವಿಧೇಯತೆಯೇ. ಅಗ್ಗದ ಕೃಪೆ ಅವರಿಗೆ ಎಂದೂ ಸಿಕ್ಕಿರಲಿಲ್ಲ. ಅದು ಸಮಿತಿಯ ಮೇಜಿನ ಈಚೆ ಕಡೆಯವರ ಸೌಲಭ್ಯ.

ವಿಧೇಯತೆಗೆ ಜರ್ಮನಿನಲ್ಲಿರುವ ಪದ 'ಕೇಳು' ಎಂಬ ಧಾತುವಿನಿಂದ ಬಂದದ್ದು. ಗ್ರೀಕಿನಲ್ಲೂ ಹಾಗೆಯೇ. ವಿಧಿಗೆ ಕಟ್ಟುಬಿದ್ದವನು ಎಂಬ ಅರ್ಥದ ಸಂಸ್ಕೃತ ಪದ ನಮ್ಮ ಅರ್ಜಿಗಳಿಗೆ ಹೊಂದಿಕೊಂಡಿತು, ನಿಜ. ಮನೆಮಾತಿನ ಕನ್ನಡದಲ್ಲಿ ಮಾತ್ರ ನಾವು ಹುಡುಗ ವಿಧೇಯನಲ್ಲ ಎನ್ನುವುದಿಲ್ಲ, 'ಮಾತು ಕೇಳುವುದಿಲ್ಲ' ಎನ್ನುತ್ತೇವೆ. ಆ 'ಕೇಳು' ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಪ್ರಶ್ನೆ ಕೇಳುತ್ತದೆ. ಕಿವಿಗೊಡುವುದು, ನಡೆಯುವುದು, ಪ್ರಶ್ನಿಸುವುದು ಮೂರಕ್ಕೂ ಒಂದೇ ಪದವಿರುವ ಭಾಷೆಯಲ್ಲಿ ನಾನು ಮೂವತ್ತು ವರ್ಷ ಪಾಠ ಮಾಡಿದೆ. ಸಮಿತಿಯಲ್ಲಿ ಆ ಮನುಷ್ಯನಿಗೆ ಮೂರು ಸಲ ಪ್ರಶ್ನೆ ಕೇಳಿದೆವು. ಉತ್ತರವನ್ನು ಒಂದು ಸಲವೂ ಕೇಳಲಿಲ್ಲ.

ಬಾನ್‌ಹೋಫರನೇ ತನ್ನ ಪುಸ್ತಕಕ್ಕೆ ಒಳ್ಳೆಯ ವಿಮರ್ಶಕ. 1943ರ ಏಪ್ರಿಲಿನಲ್ಲಿ ಅವನ ಬಂಧನವಾಯಿತು. ಹಿಟ್ಲರನ ಕೊಲೆಗೆ ನಡೆದ ಸಂಚು ವಿಫಲವಾದ ಮರುದಿನ, 1944ರ ಜುಲೈ 21ರಂದು, ಟೇಗೆಲ್ ಸೆರೆಮನೆಯಿಂದ ಗೆಳೆಯ ಬೆಟ್ಗೆಗೆ ಕಾಗದ ಬರೆಯುತ್ತಾನೆ. ಹದಿಮೂರು ವರ್ಷದ ಹಿಂದೆ ಅಮೆರಿಕದಲ್ಲಿ ಒಬ್ಬ ತರುಣ ಫ್ರೆಂಚ್ ಪಾದ್ರಿ ತಾನು ಸಂತನಾಗಬೇಕೆಂದದ್ದನ್ನೂ ತಾನು ನಂಬಲು ಕಲಿಯಬೇಕೆಂದದ್ದನ್ನೂ ಅದರಲ್ಲಿ ನೆನೆಯುತ್ತಾನೆ. ಪವಿತ್ರವಾದ ಬದುಕೊಂದನ್ನು ಕಟ್ಟಿಕೊಂಡರೆ ನಂಬಿಕೆ ಬಂದೀತು ಎಂದು ತಾನು ಎಣಿಸಿದ್ದೆ, ಆ ದಾರಿಯ ಕೊನೆಯಲ್ಲಿ ಬರೆದದ್ದು ಆ ಪುಸ್ತಕ, ಅದರ ಅಪಾಯಗಳು ಈಗ ಸ್ಪಷ್ಟವಾಗಿ ಕಾಣುತ್ತವೆ, ಆದರೂ ಅದನ್ನು ಕೈಬಿಡುವುದಿಲ್ಲ ಎನ್ನುತ್ತಾನೆ. ಆ ಹೊತ್ತಿಗೆ ಅವನ ಕೈ ಶುಭ್ರವಾಗಿರಲಿಲ್ಲ. ಸೈನ್ಯದ ಗುಪ್ತಚರ ಇಲಾಖೆಯ ನೌಕರನ ವೇಷದಲ್ಲಿ ಸಂಚುಗಾರರ ಜೊತೆಗಿದ್ದವನು, ಸುಳ್ಳು ಹೇಳಿದವನು. ಅದನ್ನು ಧರ್ಮಸೂಕ್ಷ್ಮವೆಂದು ಸಮರ್ಥಿಸಿಕೊಳ್ಳದೆ ಪಾಪದ ಪಾಲನ್ನು ಹೊರಬೇಕಾಗುತ್ತದೆ ಎಂದು ಒಪ್ಪಿಕೊಂಡವನು. 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ವಯಸ್ಸು ಮೂವತ್ತೊಂಬತ್ತು.

ಅವನ ಸಾವು ಅವನ ಪುಸ್ತಕಕ್ಕೆ ಒಂದು ರೀತಿಯಲ್ಲಿ ಕೆಡುಕನ್ನೇ ಮಾಡಿತು ಎಂದು ನನಗನಿಸುತ್ತದೆ. ಹುತಾತ್ಮನ ಪುಸ್ತಕವೆಂದು ಕೈಮುಗಿದರೆ ಓದುವ ಕಷ್ಟ ತಪ್ಪುತ್ತದೆ. ಇಂದು ಅವನ ಮಾತುಗಳು ಸೂರ್ಯೋದಯದ ಚಿತ್ರದ ಮೇಲೆ ಅಚ್ಚಾಗಿ ಬೆಳಿಗ್ಗೆ ಮೊಬೈಲಿಗೆ ಬಂದು ಬೀಳುತ್ತವೆ. ಅದೇ ಮೊಬೈಲಿನಲ್ಲಿ, ಬಿತ್ತಿದ್ದಕ್ಕೆ ನೂರುಮಡಿ ಬರುತ್ತದೆ, ಇಂತಿಷ್ಟು ಕಳಿಸಿ ಎಂಬ ಬೋಧಕರೂ ಇದ್ದಾರೆ. ಅಮೆರಿಕದ ಓರಲ್ ರಾಬರ್ಟ್ಸ್ ಜನಪ್ರಿಯಗೊಳಿಸಿದ ಈ ಬೀಜದ ಸಿದ್ಧಾಂತದ ಬಗ್ಗೆ ಹೆಚ್ಚು ಬರೆಯುವ ಉತ್ಸಾಹ ನನಗಿಲ್ಲ. ಅದನ್ನು ಬೈಯುವುದು ಸುಲಭ, ಬೈದು ಬೈದು ನಾವು ಹಳೆಯ ಸಭೆಯವರು ಶುದ್ಧರೆಂದುಕೊಂಡಿದ್ದೇವೆ. ಹತ್ತು ರೂಪಾಯಿ ಬಡ್ಡಿ ಸೇರಿಸಿ ದೇವರೊಂದಿಗೆ ಲೆಕ್ಕ ಚುಕ್ತಾ ಮಾಡಿದವನಿಗೆ ಅವರನ್ನು ನಗುವ ಹಕ್ಕು ಎಷ್ಟಿದೆ? ಭಕ್ತಿ ಪ್ರಾಮಾಣಿಕವೋ ಅಲ್ಲವೋ ಎಂದು ಎದೆ ಮುಟ್ಟಿ ನೋಡಿಕೊಳ್ಳುವುದರಲ್ಲಿ ನನಗೆ ಈಗ ನಂಬಿಕೆಯಿಲ್ಲ. ನನ್ನದು ಪ್ರಾಮಾಣಿಕವೇ ಆಗಿತ್ತು.

2009ರ ಮಳೆಗಾಲ ಮುಗಿದ ಮೇಲೆ ವಿಳಾಸ ಹುಡುಕಿ ಭದ್ರಾವತಿಗೆ ಹೋದೆ. ಅವರು ಮಗಳ ಮನೆಯಲ್ಲಿದ್ದರು, ಎಪ್ಪತ್ತಮೂರು ವರ್ಷ. ಬಾಗಿಲು ತೆರೆದ ಮಗಳು 'ನಮಸ್ಕಾರ ಸಾರ್' ಎಂದು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಎಲ್ಲವನ್ನೂ ಹೇಳಿದೆ, ಹತ್ತು ರೂಪಾಯಿಯ ಸಂಗತಿಯನ್ನೂ ಸೇರಿಸಿ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಮಗಳು ಒಳಗೆ ಹೋದಳು, ಚಹಾ ತರಲಿಲ್ಲ. ಆಮೇಲೆ ಅವರು, 'ನನ್ನದು ಆಗಲೇ ಮುಗಿದದ್ದು ಮಾಸ್ಟ್ರೇ. ಪುಸ್ತಕದಲ್ಲಿ ಏನು ಬರೆದುಂಟು?' ಎಂದರು. ಯಾವ ಪುಸ್ತಕ ಎಂದು ನಾನು ಕೇಳಬೇಕಾಗಿರಲಿಲ್ಲ.

ಸಮಿತಿಗೆ ಕಾಗದ ಬರೆದೆ. ಈಗಿನವರೆಲ್ಲ ನನ್ನ ಹಳೆಯ ವಿದ್ಯಾರ್ಥಿಗಳು. ಇಷ್ಟು ವರ್ಷದ ಮೇಲೆ ಇದೆಲ್ಲ ಏಕೆ ಸಾರ್, ದೇವರು ಕ್ಷಮ�ಿಸಿಯಾಗಿದೆ ಎಂದು ಒಬ್ಬ ಹೇಳಿದ. ಹಳೆಯ ನಡವಳಿಯನ್ನು ತಿದ್ದಲು ಬರುವುದಿಲ್ಲ, ಬೇಕಾದರೆ ಹೊಸ ನಡವಳಿ ಬರೆಯಬಹುದು ಎಂದು ಇನ್ನೊಬ್ಬ ದಾರಿ ತೋರಿಸಿದ. ವಾರ್ಷಿಕ ಸಭೆಯಲ್ಲಿ ನಾನೇ ಎದ್ದು ಓದಬೇಕೆಂದು ಕೇಳಿಕೊಂಡೆ. ಓದಿದೆ. ಆ ಮೇಲೆ ಕೆಲವರು ನನ್ನೊಡನೆ ಮೊದಲಿನಂತೆ ಮಾತಾಡುವುದಿಲ್ಲ, ನನ್ನ ಹೆಂಡತಿಯ ಜೊತೆಗೂ.

ಅವರು ಮಗಳೊಂದಿಗೆ ಬಸ್ಸು ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದರು. ಸಭೆ ಮುಗಿದು ಹೊರಗೆ ಬಂದಾಗ ಗೋಪುರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು. ಹಗ್ಗ ಬದಲಾಯಿಸಿದ್ದಾರಾ ಎಂದು ಕೇಳಿದರು. ಹೌದು, ನೈಲಾನಿನದು ಹಾಕಿದ್ದಾರೆ ಎಂದೆ.

'ನೈಲಾನ್ ಕೈ ಕೊಯ್ಯುತ್ತದೆ' ಎಂದರು.